ವಾಲ್ವ್ ತೆರೆದ ಮೇಲೆ ಉಳಿಯುವುದೇನು?

ಹತ್ತು ಲೀಟರಿನ ಒಂದು ಉಕ್ಕಿನ ಪಾತ್ರೆ; ಒಳಗೆ 3 ಬಾರ್ ಒತ್ತಡದಲ್ಲಿ ಗಾಳಿ. ಪಕ್ಕದಲ್ಲಿ ಇಪ್ಪತ್ತು ಲೀಟರಿನ ಇನ್ನೊಂದು, ಅಲ್ಲಿ 1.5 ಬಾರ್. ಎರಡನ್ನೂ ಸೇರಿಸುವ ಕೊಳವೆಗೆ ಒಂದು ವಾಲ್ವ್. ಅದನ್ನು ತೆರೆದರೆ ಕೊನೆಗೆ ಒತ್ತಡ ಎಷ್ಟಕ್ಕೆ ನಿಲ್ಲುತ್ತದೆ? ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ, ಉತ್ತರವೂ ಬಾಯಿಪಾಠ: ಪ್ರತಿ ಪಾತ್ರೆಯ ಒತ್ತಡವನ್ನು ಅದರ ಗಾತ್ರದಿಂದ ಗುಣಿಸಿ, ಬಂದದ್ದನ್ನು ಕೂಡಿಸಿ, ಒಟ್ಟು ಗಾತ್ರದಿಂದ ಭಾಗಿಸುವುದು. ಮೂವತ್ತಕ್ಕೆ ಮೂವತ್ತು ಸೇರಿ ಅರವತ್ತು. ಮೂವತ್ತು ಲೀಟರಿಗೆ ಹಂಚಿದರೆ 2 ಬಾರ್. ಮನೆಯ ಮೇಲಿನ ಎರಡು ನೀರಿನ ಟ್ಯಾಂಕುಗಳನ್ನು ಪೈಪಿನಿಂದ ಜೋಡಿಸಿದಾಗ ಮಟ್ಟ ಸಮನಾಗುವುದನ್ನು ಕಂಡವರಿಗೆ ಇದು ಸಹಜವೆನಿಸುತ್ತದೆ. ನನ್ನ ತಕರಾರು ಉತ್ತರದ ಬಗ್ಗೆ ಅಲ್ಲ, ಅದಕ್ಕೆ ಕೊಡುವ ಕಾರಣದ ಬಗ್ಗೆ. ಟ್ಯಾಂಕಿನಲ್ಲಿ ಹಂಚಿಕೆಯಾಗುವುದು ನೀರು. ಮಟ್ಟ ಅದರ ಫಲ. ಪಾತ್ರೆಗಳಲ್ಲೂ ಹಂಚಿಕೆಯಾಗುವುದು ಒತ್ತಡವಲ್ಲ. ಹಾಗಾದರೆ ಏನು? ಇದಕ್ಕೆ ಒಂದಲ್ಲ, ಎರಡು ಉತ್ತರಗಳಿವೆ. ಎರಡೂ ಆಗಾಗ ಒಂದೇ ಅಂಕಿಗೆ ಬಂದು ನಿಲ್ಲುವುದರಿಂದ ಅವು ಬೇರೆ ಬೇರೆ ಎಂಬುದೇ ಮರೆತುಹೋಗುತ್ತದೆ.

ತರಗತಿಯಲ್ಲಿ ಸಾಮಾನ್ಯವಾಗಿ ಮೊದಲು ಬರುವ ಹೆಸರು ರಾಬರ್ಟ್ ಬಾಯ್ಲ್. 1662ರಲ್ಲಿ ಅವನು ಪ್ರಕಟಿಸಿದ ನಿಯಮದ ಪ್ರಕಾರ, ಉಷ್ಣಾಂಶ ಬದಲಾಗದಿದ್ದರೆ ಒಂದು ನಿಗದಿತ ಪ್ರಮಾಣದ ಗಾಳಿಯ ಒತ್ತಡ ಮತ್ತು ಗಾತ್ರದ ಗುಣಲಬ್ಧ ಸ್ಥಿರ. ಆದರೆ ವಾಲ್ವ್ ತೆರೆದ ಮೇಲೆ ಯಾವ ಪಾತ್ರೆಯಲ್ಲೂ ಗಾಳಿಯ ಪ್ರಮಾಣ ನಿಗದಿಯಾಗಿ ಉಳಿಯುವುದಿಲ್ಲ; ಬಾಯ್ಲನ ನಿಯಮವನ್ನು ನೇರವಾಗಿ ಹಚ್ಚಲು ಬೇಕಾದ ಮೊದಲ ಷರತ್ತೇ ಅಲ್ಲಿಲ್ಲ. ಇದನ್ನು ದಾಟಿಸುವುದು ಜಾನ್ ಡಾಲ್ಟನ್ 1801ರಲ್ಲಿ ಮುಂದಿಟ್ಟ ವಿಚಾರ. ಮಿಶ್ರಣದಲ್ಲಿರುವ ಪ್ರತಿಯೊಂದು ಅನಿಲವೂ ಇಡೀ ಪಾತ್ರೆಯನ್ನು ತಾನೊಂದೇ ತುಂಬಿದ್ದರೆ ಎಷ್ಟು ಒತ್ತಡ ಹಾಕುತ್ತಿತ್ತೋ ಅಷ್ಟನ್ನೇ ಹಾಕುತ್ತದೆ. ಒಟ್ಟು ಒತ್ತಡವೆಂದರೆ ಇವುಗಳ ಮೊತ್ತ. ಹಾಗೆ ನೋಡಿದರೆ ಮೊದಲ ಪಾತ್ರೆಯ ಗಾಳಿ ಮೂವತ್ತು ಲೀಟರಿಗೆ ಹರಡಿ 1 ಬಾರ್ ಕೊಡುತ್ತದೆ, ಎರಡನೆಯದರ ಗಾಳಿಯೂ ಹರಡಿ 1 ಬಾರ್ ಕೊಡುತ್ತದೆ, ಕೂಡಿದರೆ 2. ಲೆಕ್ಕ ಸೊಗಸಾಗಿದೆ. ತಮಾಷೆಯೆಂದರೆ ಡಾಲ್ಟನ್ ತನ್ನ ನಿಯಮಕ್ಕೆ ಕೊಟ್ಟ ವಿವರಣೆ ತಪ್ಪಾಗಿತ್ತು. ಒಂದೇ ಜಾತಿಯ ಕಣಗಳು ಪರಸ್ಪರ ದೂಡುತ್ತವೆ, ಬೇರೆ ಜಾತಿಯವು ಒಂದಕ್ಕೊಂದು ಲೆಕ್ಕಕ್ಕೇ ಇಲ್ಲ ಎಂದು ಅವನು ನಂಬಿದ್ದ. ಕಣಗಳು ದೂಡಾಡುವುದರಿಂದಲ್ಲ, ಗೋಡೆಗೆ ಬಡಿಯುವುದರಿಂದ ಒತ್ತಡ ಹುಟ್ಟುತ್ತದೆ ಎಂಬುದನ್ನು ಡೇನಿಯಲ್ ಬರ್ನೂಲಿ 1738ರಲ್ಲೇ ಬರೆದಿದ್ದರೂ ಅದಕ್ಕೆ ಮನ್ನಣೆ ಸಿಗಲು ನೂರು ವರ್ಷ ಮೀರಿ ಹಿಡಿಯಿತು.

ಒಂದೇ ಉಷ್ಣಾಂಶದಲ್ಲಿ, ಒಂದೇ ಒತ್ತಡದಲ್ಲಿ, ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನ ಎಂದು ಅವೊಗಾಡ್ರೊ 1811ರಲ್ಲಿ ಸೂಚಿಸಿದ. 1834ರಲ್ಲಿ ಕ್ಲಾಪೇರಾನ್ ಬಾಯ್ಲನ ಫಲಿತಾಂಶವನ್ನೂ ಉಷ್ಣಾಂಶದೊಂದಿಗೆ ಗಾತ್ರ ಹಿಗ್ಗುವ ನಿಯಮವನ್ನೂ ಒಂದೇ ಸಮೀಕರಣಕ್ಕೆ ತಂದ. ಇವೆರಡನ್ನೂ ಜೋಡಿಸಿದರೆ ಮೊದಲ ಉತ್ತರ ಸಿಕ್ಕಂತಾಯಿತು: ಪಾತ್ರೆ ಸೋರದಿದ್ದರೆ, ಒಳಗೆ ರಾಸಾಯನಿಕ ಕ್ರಿಯೆ ನಡೆಯದಿದ್ದರೆ, ಉಳಿಯುವುದು ಅಣುಗಳ ಎಣಿಕೆ. ಒತ್ತಡವನ್ನು ಗಾತ್ರದಿಂದ ಗುಣಿಸಿ ಕೆಲ್ವಿನ್ ಉಷ್ಣಾಂಶದಿಂದ ಭಾಗಿಸಿದರೆ ಈ ಎಣಿಕೆಯ ಅಳತೆ ದೊರೆಯುತ್ತದೆ. ಎಲ್ಲ ಪಾತ್ರೆಗಳೂ ಮೊದಲಿಗೂ ಕೊನೆಗೂ ಒಂದೇ ಉಷ್ಣಾಂಶದಲ್ಲಿದ್ದರೆ ಆ ಭಾಗಾಕಾರ ಎರಡೂ ಕಡೆ ಹೊಡೆದುಹೋಗುತ್ತದೆ. ಉಳಿಯುವುದೇ ಬಾಯಿಪಾಠದ ಸೂತ್ರ. ಹೀಗೆ ಒಂದು ನಿರ್ದಿಷ್ಟ ಸನ್ನಿವೇಶದಲ್ಲಿ ಸದ್ದಿಲ್ಲದೆ ಅಳಿಸಿಹೋದ ಉಷ್ಣಾಂಶವನ್ನು ವಿದ್ಯಾರ್ಥಿ ಎಲ್ಲ ಸನ್ನಿವೇಶಗಳಲ್ಲೂ ಮರೆತುಬಿಡುತ್ತಾನೆ.

ಎರಡನೆಯ ಉತ್ತರ ಹುಟ್ಟಿದ್ದು ಇದೇ ಎರಡು ಪಾತ್ರೆಗಳ ಪ್ರಯೋಗದಿಂದ. ಫ್ರಾನ್ಸಿನ ಗೇ-ಲ್ಯೂಸಾಕ್ 1807ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹನ್ನೆರಡು ಲೀಟರಿನ ಎರಡು ಗಾಜಿನ ಬುರುಡೆಗಳಿದ್ದವು: ಒಂದರಲ್ಲಿ ಅನಿಲ, ಇನ್ನೊಂದು ಬರಿದು. ತಿರುಪು ತೆರೆದಾಗ ಅನಿಲ ಹೊರಟ ಬುರುಡೆ ತಣ್ಣಗಾಯಿತು, ಬಂದು ಸೇರಿದ ಬುರುಡೆ ಬಿಸಿಯಾಯಿತು. ಒಂದು ಇಳಿದಷ್ಟೇ ಇನ್ನೊಂದು ಏರಿತ್ತು. 1845ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಸುಮಾರು 22 ವಾತಾವರಣದ ಒತ್ತಡದ ಗಾಳಿ ತುಂಬಿದ ತಾಮ್ರದ ಪಾತ್ರೆಯನ್ನು ಬರಿದಾದ ಇನ್ನೊಂದಕ್ಕೆ ಜೋಡಿಸಿ, ಎರಡನ್ನೂ ಒಂದೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಿರುಪು ತೆರೆದ. ನೀರಿನ ಉಷ್ಣಾಂಶ ಅವನಿಗೆ ತಿಳಿಯುವಷ್ಟು ಬದಲಾಗಲೇ ಇಲ್ಲ. ಪಾತ್ರೆಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿಟ್ಟಾಗ ಮಾತ್ರ ಒಂದು ತಣಿಯಿತು, ಇನ್ನೊಂದು ಕಾಯಿತು, ಎರಡೂ ಸರಿದೂಗಿದವು. ಗೋಡೆಗಳು ಕದಲದಿದ್ದರೆ ಅನಿಲ ಹೊರಗಿನ ಯಾವುದನ್ನೂ ತಳ್ಳುವುದಿಲ್ಲ, ಆದ್ದರಿಂದ ಅದರ ಒಟ್ಟು ಶಕ್ತಿ ಖರ್ಚಾಗುವುದಿಲ್ಲ. ಇಲ್ಲಿ ಉಳಿಯುವುದು ಎಣಿಕೆ ಮಾತ್ರವಲ್ಲ, ಶಕ್ತಿ ಕೂಡ.

ಒತ್ತಡ ಗುಣಿಸು ಗಾತ್ರ ಎಂಬುದಕ್ಕೆ ಶಕ್ತಿಯದೇ ಮಾನವಿದೆ: ಒಂದು ಬಾರ್-ಲೀಟರ್ ಎಂದರೆ 100 ಜೂಲ್. ಆದರ್ಶ ಅನಿಲದ ಆಂತರಿಕ ಶಕ್ತಿ ಈ ಗುಣಲಬ್ಧದ ಒಂದು ನಿಶ್ಚಿತ ಪಟ್ಟು: ಹೀಲಿಯಂ, ಆರ್ಗಾನಿನಂಥ ಒಂಟಿ ಪರಮಾಣುವಿನ ಅನಿಲಗಳಲ್ಲಿ ಒಂದೂವರೆ ಪಟ್ಟು; ನೈಟ್ರೊಜನ್, ಆಕ್ಸಿಜನ್‌ನಂಥ ಜೋಡಿ ಪರಮಾಣುಗಳವುಗಳಲ್ಲಿ ಸಾಧಾರಣ ಉಷ್ಣಾಂಶದಲ್ಲಿ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಎರಡೂ ಪಾತ್ರೆಗಳಲ್ಲಿ ಒಂದೇ ಅನಿಲವಿದ್ದರೆ ಆ ಪಟ್ಟು ಹೊಡೆದುಹೋಗಿ, ಶಕ್ತಿ ಉಳಿಯುತ್ತದೆ ಎಂಬ ಮಾತಿನಿಂದಲೇ ಅದೇ ಬಾಯಿಪಾಠದ ಸೂತ್ರ ಮತ್ತೆ ಹೊರಬರುತ್ತದೆ. ಉಷ್ಣಾಂಶದ ಪ್ರಸ್ತಾಪವೇ ಇಲ್ಲ. ಅಂದರೆ ಶಾಖ ಹೊರಹೋಗದಂತೆ ಸುತ್ತಿದ ಪಾತ್ರೆಗಳಲ್ಲಿ ಒಂದು ತಣ್ಣಗಿದ್ದು ಇನ್ನೊಂದು ಕಾದಿದ್ದರೂ ಸೂತ್ರ ನಿಲ್ಲುತ್ತದೆ. ಸಮ ಉಷ್ಣಾಂಶವೇ ಅದರ ಆಧಾರ ಎಂದು ಕಲಿತವರಿಗೆ ಇದು ಗೊಂದಲ ಹುಟ್ಟಿಸಬೇಕು. ಹುಟ್ಟಿಸುವುದಿಲ್ಲ, ಏಕೆಂದರೆ ಯಾರೂ ಅಲ್ಲಿಯವರೆಗೆ ಕೇಳುವುದಿಲ್ಲ.

ಮೊದಲಿನ ಪಾತ್ರೆಗಳಿಗೇ ಹಿಂದಿರುಗಿ ಉಷ್ಣಾಂಶವನ್ನು ಸೇರಿಸೋಣ. ಹತ್ತು ಲೀಟರಿನದು 300 ಕೆಲ್ವಿನ್, ಅಂದರೆ ಸುಮಾರು 27 ಡಿಗ್ರಿ. ಇಪ್ಪತ್ತು ಲೀಟರಿನದು 600 ಕೆಲ್ವಿನ್‌ವರೆಗೆ ಕಾದಿದೆ. ಸುತ್ತಲೂ ಶಾಖನಿರೋಧಕವಿದ್ದರೆ ಬೆರೆತ ಮೇಲೆ ಒತ್ತಡ 2 ಬಾರ್. ಉಷ್ಣಾಂಶ ಎರಡರ ಸರಾಸರಿ 450 ಅಲ್ಲ, 400 ಕೆಲ್ವಿನ್, ಏಕೆಂದರೆ ತಣ್ಣನೆಯ ಪಾತ್ರೆಯಲ್ಲಿ ಅಣುಗಳು ಎರಡು ಪಟ್ಟು ಹೆಚ್ಚಿದ್ದವು. ಇವನ್ನೇ ಬರಿಮೈಯಲ್ಲಿ ಕೋಣೆಯಲ್ಲಿಟ್ಟು ಎಲ್ಲವೂ 300 ಕೆಲ್ವಿನ್‌ಗೆ ಇಳಿಯುವವರೆಗೆ ಕಾದರೆ ಒತ್ತಡ 1.5 ಬಾರ್. ಅದೇ ಪಾತ್ರೆ, ಅದೇ ಗಾಳಿ, ಅದೇ ವಾಲ್ವ್, ಉತ್ತರ ಎರಡು. ಮೊದಲನೆಯದರಲ್ಲಿ ಎಣಿಕೆಯೂ ಶಕ್ತಿಯೂ ಉಳಿದವು, ಎರಡನೆಯದರಲ್ಲಿ ಎಣಿಕೆ ಮಾತ್ರ ಉಳಿಯಿತು. ಶಕ್ತಿಯ ಒಂದು ಪಾಲು ಗೋಡೆ ದಾಟಿ ಕೋಣೆಗೆ ಹೋಯಿತು. ಪ್ರಶ್ನೆಯಲ್ಲಿ ಗೋಡೆಯ ವಿಷಯ ಹೇಳದೆ ಉತ್ತರ ಕೇಳುವುದೆಂದರೆ ಖರ್ಚಿನ ಪುಟ ಹರಿದುಹಾಕಿ ಕೈಯಲ್ಲಿ ಉಳಿದದ್ದೆಷ್ಟು ಎಂದು ಕೇಳಿದಂತೆ.

ಪಾತ್ರೆಗಳಲ್ಲಿ ಬೇರೆ ಬೇರೆ ಅನಿಲಗಳಿದ್ದರೆ ಎರಡು ಕಾರಣಗಳ ನಡುವಿನ ಬಿರುಕು ಇನ್ನೂ ಸ್ಪಷ್ಟ. ತಣ್ಣನೆಯ ಪಾತ್ರೆಯಲ್ಲಿ ಹೀಲಿಯಂ, ಕಾದದ್ದರಲ್ಲಿ ನೈಟ್ರೊಜನ್ ಎಂದಿಟ್ಟುಕೊಳ್ಳಿ. ಅಂಕಿಗಳೆಲ್ಲ ಮೊದಲಿನವೇ, ಶಾಖನಿರೋಧಕವೂ ಇದೆ. ಹೀಲಿಯಮ್ಮಿನ ಪಾಲಿನ ಶಕ್ತಿ ಒಂದೂವರೆ ಪಟ್ಟಿನದು, ನೈಟ್ರೊಜನ್ನಿನದು ಎರಡೂವರೆ ಪಟ್ಟಿನದು. ಬೆರೆತ ಮೇಲೆ ಉಷ್ಣಾಂಶ ಸುಮಾರು 436 ಕೆಲ್ವಿನ್, ಒತ್ತಡ 2.18 ಬಾರ್. ಈಗ ಅನಿಲಗಳನ್ನು ಅದಲುಬದಲು ಮಾಡಿ, ಹೀಲಿಯಂ ಕಾದ ಪಾತ್ರೆಗೆ, ನೈಟ್ರೊಜನ್ ತಣ್ಣನೆಯದಕ್ಕೆ: ಉಷ್ಣಾಂಶ 369 ಕೆಲ್ವಿನ್, ಒತ್ತಡ 1.85 ಬಾರ್. ಬಾಯಿಪಾಠದ ಸೂತ್ರ ಎರಡಕ್ಕೂ 2 ಎಂದೇ ಹೇಳುತ್ತದೆ. ಬೆರೆಕೆಯಲ್ಲಿ ಒತ್ತಡವೇ ಹಂಚಿಹೋಗುವುದಾಗಿದ್ದರೆ ಯಾವ ಅನಿಲ ಯಾವ ಪಾತ್ರೆಯಲ್ಲಿತ್ತು ಎಂಬುದಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಗಟ್ಟಿಯಾದದ್ದು ಅನಿಲ ನುಗ್ಗುವಾಗ ತಣಿಯುವುದನ್ನು ಹಿಡಿದು ಬರುತ್ತದೆ. ಸ್ಪ್ರೇ ಡಬ್ಬಿ ಒತ್ತಿದಾಗ ಕೈಗೆ ಚಳಿ ತಗಲುತ್ತದೆ, ಸಿಲಿಂಡರಿನ ಬಾಯಲ್ಲಿ ಹಿಮ ಕೂರುತ್ತದೆ. ಹಾಗಿರುವಾಗ ಉಷ್ಣಾಂಶ ಹಾಗೇ ಇರುತ್ತದೆ ಎನ್ನುವುದು ಹೇಗೆ? ಸ್ಪ್ರೇ ಡಬ್ಬಿಯ ಚಳಿ ಬಹುಪಾಲು ಒಳಗಿನ ದ್ರವ ಆವಿಯಾಗುವುದರಿಂದ ಬರುವುದು, ಅದನ್ನು ಬದಿಗಿಡೋಣ. ಉಳಿದದ್ದು ನಿಜವಾದ ಪ್ರಶ್ನೆ. ಹತ್ತು ಲೀಟರಿನ ಪಾತ್ರೆಯಲ್ಲಿ 300 ಕೆಲ್ವಿನ್‌ನ 2 ಬಾರ್ ಗಾಳಿ, ಅಷ್ಟೇ ದೊಡ್ಡ ಇನ್ನೊಂದು ಪೂರ್ತಿ ಬರಿದು. ಗೋಡೆಗಳಿಗೆ ಶಾಖ ಹೋಗಲು ಸಮಯವಿಲ್ಲದಷ್ಟು ಬೇಗ ವಾಲ್ವ್ ತೆರೆಯುತ್ತೇವೆ. ಒತ್ತಡ ಸಮನಾದ ಗಳಿಗೆಯಲ್ಲಿ ಮೊದಲ ಪಾತ್ರೆಯಲ್ಲಿ ಉಳಿದ ಗಾಳಿ ತನ್ನ ಮುಂದಿನದನ್ನು ದೂಡುತ್ತ ಹಿಗ್ಗಿ 246 ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ 27 ಡಿಗ್ರಿ ಕೆಳಗೆ, ಇಳಿದಿರುತ್ತದೆ. ದೂಡಿಸಿಕೊಂಡು ಎರಡನೆಯ ಪಾತ್ರೆಗೆ ಬಂದದ್ದು 384 ಕೆಲ್ವಿನ್‌ಗೆ, ಸುಮಾರು 111 ಡಿಗ್ರಿಗೆ, ಏರಿರುತ್ತದೆ. ನೂರರಲ್ಲಿ ಅರವತ್ತೊಂದು ಅಣುಗಳು ಅಲ್ಲೇ ಉಳಿದಿವೆ, ಮೂವತ್ತೊಂಬತ್ತು ದಾಟಿವೆ. ಇಷ್ಟೆಲ್ಲ ಏರುಪೇರಾದರೂ ಎರಡೂ ಕಡೆಯ ಒತ್ತಡ ಕರಾರುವಾಕ್ಕಾಗಿ 1 ಬಾರ್. ಉಷ್ಣಾಂಶ ನೆಟ್ಟಗಾಗುವ ಮೊದಲೇ ಒತ್ತಡ ನೆಟ್ಟಗಾಗಿದೆ, ಆಮೇಲೆ ಬಿಸಿ ತಣ್ಣನೆ ಕಲೆತರೂ ಅದು ಅಲುಗುವುದಿಲ್ಲ. ಎಣಿಕೆಯ ಲೆಕ್ಕ ಹಿಡಿದು ಹೊರಟವನಿಗೆ ಇದು ಪವಾಡ. ಶಕ್ತಿಯ ಲೆಕ್ಕ ಹಿಡಿದವನಿಗೆ ಒಂದು ಸಾಲಿನ ಮಾತು. ವಾಲ್ವಿನಲ್ಲಿ ಕೇಳುವ ಸೀಟಿಯ ಸದ್ದಿನಲ್ಲಿ ಶಕ್ತಿ ಪೋಲಾಗುವುದಿಲ್ಲವೇ ಎಂದರೆ, ಪಾತ್ರೆಯೊಳಗಿನ ಸದ್ದು ಅಲ್ಲೇ ಸತ್ತು ಅದೇ ಅನಿಲವನ್ನು ಕಾಯಿಸುತ್ತದೆ.

ಗೋಡೆಯಾಚೆಯಿಂದ ಯಾರಾದರೂ ತಳ್ಳುತ್ತಿದ್ದರೆ ಮಾತೇ ಬೇರೆ. ಬರಿದಾದ ಪಾತ್ರೆಯ ಬಾಯಿಯನ್ನು ತೆರೆದ ಗಾಳಿಗೆ ಬಿಟ್ಟರೆ ಹೊರಗಿನ ವಾತಾವರಣವೇ ಗಾಳಿಯನ್ನು ಒಳಗೆ ನೂಕುತ್ತದೆ. ಆ ನೂಕಿನ ಕೆಲಸವೂ ಒಳಗಿನ ಜಮೆಗೆ ಸೇರುತ್ತದೆ. ಶಾಖ ಸೋರದಿದ್ದರೆ 300 ಕೆಲ್ವಿನ್‌ನ ಗಾಳಿ ಒಳಗೆ 420 ಕೆಲ್ವಿನ್ ಆಗುತ್ತದೆ. ಹೈಡ್ರೊಜನ್ ಕಾರುಗಳಿಗೆ 700 ಬಾರ್‌ವರೆಗೆ ಬೇಗನೆ ತುಂಬುವ ಕಡೆಗಳಲ್ಲಿ ಅನಿಲವನ್ನು ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗೆ ಮೊದಲೇ ತಣಿಸಿ ಕಳಿಸುವುದು ತುಂಬುವಾಗ ಏಳುವ ಈ ಕಾವಿನ ಭಯದಿಂದಲೇ.

ಇನ್ನೊಂದು ಆಕ್ಷೇಪಣೆ ವ್ಯವಹಾರದ್ದು: ಇಷ್ಟು ಸೂಕ್ಷ್ಮ ಯಾರಿಗೆ ಬೇಕು, ಕೆಲಸಕ್ಕೆ ಸೂತ್ರ ಸಾಲದೇ? ಸಿಎನ್‌ಜಿ ಬಂಕನ್ನು ನೋಡಿದರೆ ಸಾಲದೆಂದು ಗೊತ್ತಾಗುತ್ತದೆ. ಅಲ್ಲಿ ಕ್ಯಾಸ್ಕೇಡ್ ಎನ್ನುವ ಸಿಲಿಂಡರುಗಳ ಗುಂಪಿನಲ್ಲಿ ಸುಮಾರು 250 ಬಾರ್‌ನಲ್ಲಿ ಅನಿಲವಿರುತ್ತದೆ, ವಾಹನದ ಟ್ಯಾಂಕು 200 ಬಾರ್‌ಗೆ ತುಂಬಬೇಕು. ಲೆಕ್ಕ ಸುಲಭವಾಗಲೆಂದು ಒಂದೇ ಅಳತೆಯ ಮೂರು ಸಿಲಿಂಡರುಗಳು 200 ಬಾರ್‌ನಲ್ಲಿವೆ, ಅಷ್ಟೇ ಅಳತೆಯ ಬರಿ ಟ್ಯಾಂಕಿನ ವಾಹನ ಬಂದಿದೆ ಎಂದುಕೊಳ್ಳೋಣ. ಮೂರನ್ನೂ ಒಟ್ಟಿಗೆ ತೆರೆದರೆ 600ನ್ನು ನಾಲ್ಕಕ್ಕೆ ಹಂಚಿ 150 ಬಾರ್. ಒಂದೊಂದಾಗಿ ತೆರೆದು ಮುಚ್ಚಿದರೆ ಮೊದಲನೆಯದರಿಂದ 100, ಎರಡನೆಯದರಿಂದ 150, ಮೂರನೆಯದರಿಂದ 175. ಮುಂದಿನ ವಾಹನಕ್ಕೂ ಈ ಲಾಭ ತಪ್ಪುವುದಿಲ್ಲ: ಒಟ್ಟಿಗೆ ತೆರೆದ ಬಂಕಿನಲ್ಲಿ ಅದಕ್ಕೆ ಸಿಗುವುದು 112.5, ಸರದಿಯಲ್ಲಿ ತೆರೆದಲ್ಲಿ ಮೊದಲು ಸೊರಗಿದ ಸಿಲಿಂಡರ್, ಆಮೇಲೆ ತುಂಬಿರುವುದು ಎಂದು ಹೋದರೆ 137.5. ಅಣುವೊಂದೂ ಹೆಚ್ಚಾಗಲಿಲ್ಲ, ವಾಲ್ವ್ ತೆರೆಯುವ ಕ್ರಮ ಬದಲಾಯಿತು ಅಷ್ಟೆ. ಬಂಕಿನ ಯಂತ್ರ ಕಡಿಮೆ, ಮಧ್ಯಮ, ಹೆಚ್ಚು ಒತ್ತಡದ ಗುಂಪುಗಳನ್ನು ಸರದಿಯಲ್ಲಿ ಬದಲಿಸುವುದು ಇದಕ್ಕಾಗಿ. ಒತ್ತಡಗಳನ್ನು ಒಮ್ಮೆಲೇ ಸಮಮಾಡುವುದರಲ್ಲಿ ಏನೋ ಕಳೆದುಹೋಗುತ್ತದೆ; ಅದು ಎಣಿಕೆಯೂ ಅಲ್ಲ, ಶಕ್ತಿಯೂ ಅಲ್ಲ, ಶಕ್ತಿಯಿಂದ ಕೆಲಸ ತೆಗೆಯುವ ಸಾಮರ್ಥ್ಯ. ಸೂತ್ರದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಇಷ್ಟು ಹೆಚ್ಚಿನ ಒತ್ತಡದಲ್ಲಿ ಮೀಥೇನು ಆದರ್ಶ ಅನಿಲದಂತೆಯೂ ನಡೆದುಕೊಳ್ಳುವುದಿಲ್ಲ. ಅಣುಗಳ ಪರಸ್ಪರ ಸೆಳೆತದಿಂದಾಗಿ 200 ಬಾರ್‌ನ ಟ್ಯಾಂಕು ಸರಳ ಲೆಕ್ಕ ಹೇಳುವುದಕ್ಕಿಂತ ಗಣನೀಯವಾಗಿ ಹೆಚ್ಚು ಅನಿಲವನ್ನು ಹಿಡಿಯುತ್ತದೆ. ವಾನ್ ಡರ್ ವಾಲ್ಸ್ 1873ರಲ್ಲಿ ಸಮೀಕರಣಕ್ಕೆ ತಿದ್ದುಪಡಿ ಹಾಕಿದ್ದು ಇಂಥದ್ದಕ್ಕೇ. ಜೂಲನ ನೀರಿನ ತೊಟ್ಟಿಯಲ್ಲಿ ಕಾಣದೆ ಹೋದ ಅತ್ಯಲ್ಪ ತಣಿವೂ ಇದೇ ಸೆಳೆತದ್ದು. ಅದನ್ನು ಹಿಡಿಯಲು ಜೂಲ್ ಮತ್ತು ವಿಲಿಯಂ ಥಾಮ್ಸನ್ 1850ರ ದಶಕದಲ್ಲಿ ಬೇರೆಯೇ ಪ್ರಯೋಗ ಹೂಡಬೇಕಾಯಿತು.

ಗೇಜಿನ ಒತ್ತಡದ ಬಗ್ಗೆ ಒಂದು ಮಾತು. ಸಾಮಾನ್ಯ ಗೇಜು ಸೊನ್ನೆ ತೋರಿಸುವಾಗ ಒಳಗೆ ಒಂದು ವಾತಾವರಣದ ಒತ್ತಡ, ಸುಮಾರು 1.01 ಬಾರ್, ಇದ್ದೇ ಇರುತ್ತದೆ. ವಿಚಿತ್ರವೆಂದರೆ, ಉಷ್ಣಾಂಶ ಎಲ್ಲೆಡೆ ಸಮವಿದ್ದಾಗ ಗೇಜಿನ ಅಂಕಿಗಳನ್ನೇ ಬಾಯಿಪಾಠದ ಸೂತ್ರಕ್ಕೆ ಹಾಕಿದರೂ ಗೇಜಿನ ಉತ್ತರ ಸರಿಯಾಗಿ ಬರುತ್ತದೆ. ಎಲ್ಲ ಕಡೆ ಒಂದೇ ಮೊತ್ತ ಬಿಟ್ಟುಹೋದರೆ ಸರಾಸರಿಯಲ್ಲೂ ಅದೇ ಬಿಟ್ಟುಹೋಗುತ್ತದೆ. ಉಷ್ಣಾಂಶದಿಂದ ಭಾಗಿಸುವ ಹೆಜ್ಜೆ ಬಂದೊಡನೆ ಈ ರಿಯಾಯಿತಿ ರದ್ದು. ಬಹಳ ಜನರ ತಪ್ಪು ಅಲ್ಲಿಯವರೆಗೆ ಬಯಲಾಗದೆ ಉಳಿಯುವುದು ಇದರಿಂದಲೇ.

ಗೇಜು ಎಣಿಕೆಯನ್ನು ಹೇಳುತ್ತದೆಯೇ ಎಂಬುದೂ ಒಳಗೇನಿದೆ ಎಂಬುದರ ಮೇಲೆ ನಿಂತಿದೆ. 2021ರ ಕೋವಿಡ್ ಅಲೆಯಲ್ಲಿ ಊರಿಗೆಲ್ಲ ಪರಿಚಯವಾದ ಜಂಬೋ ಆಕ್ಸಿಜನ್ ಸಿಲಿಂಡರಿನ ನೀರಿನ ಗಾತ್ರ ಸುಮಾರು 46.7 ಲೀಟರ್, 150 ಬಾರ್‌ಗೆ ತುಂಬಿದರೆ ಹೊರಗಿನ ಒತ್ತಡದಲ್ಲಿ ಸುಮಾರು 7,000 ಲೀಟರ್ ಆಗುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಹನ್ನೊಂದೂವರೆ ಗಂಟೆಯ ಆಸುಪಾಸು. ಇಲ್ಲಿ ಗೇಜಿನ ಮುಳ್ಳು ಅರ್ಧಕ್ಕಿಳಿದರೆ ಆಕ್ಸಿಜನ್ನೂ ಸುಮಾರು ಅರ್ಧಕ್ಕಿಳಿದಿದೆ. 150 ಬಾರ್‌ನದನ್ನು 30 ಬಾರ್‌ಗೆ ಇಳಿದ ಇನ್ನೊಂದಕ್ಕೆ ಜೋಡಿಸಿದರೆ ಎರಡೂ 90ರ ಹತ್ತಿರ ನಿಲ್ಲುತ್ತವೆ. ತುಂಬಿದ ಸಿಲಿಂಡರು ಬರಿದಾದದ್ದಕ್ಕೆ ಹೀಗೆ ಸುರಿಯದಿರಲೆಂದೇ ಆಸ್ಪತ್ರೆಯ ಮ್ಯಾನಿಫೋಲ್ಡಿನಲ್ಲಿ ಹಿಮ್ಮುಖ ಹರಿವು ತಡೆಯುವ ವಾಲ್ವುಗಳಿರುತ್ತವೆ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಹಾಗಲ್ಲ. ಅದು ಸಿಲಿಂಡರಿನಲ್ಲಿ ದ್ರವವಾಗಿರುತ್ತದೆ. 20 ಡಿಗ್ರಿಯಲ್ಲಿ ಗೇಜು 51 ಬಾರ್ ತೋರಿಸುತ್ತ, ದ್ರವದ ಕೊನೆಯ ಹನಿ ಆವಿಯಾಗುವವರೆಗೆ ಅಲ್ಲೇ ನಿಂತಿರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಬೇಕು. ಅಡುಗೆಮನೆಯ 14.2 ಕೆಜಿಯ ಎಲ್‌ಪಿಜಿ ಸಿಲಿಂಡರಿನದೂ ಇದೇ ಕಥೆ. ತುಂಬಿದ ಸಿಲಿಂಡರನ್ನೂ ಕಾಲು ಭಾಗ ಉಳಿದದ್ದನ್ನೂ ಜೋಡಿಸಿದರೆ ಒತ್ತಡದ ಲೆಕ್ಕದಲ್ಲಿ ಏನೂ ಆಗುವುದಿಲ್ಲ, ಏಕೆಂದರೆ ಒಂದೇ ಉಷ್ಣಾಂಶದಲ್ಲಿ ಎರಡರ ಒತ್ತಡ ಮೊದಲೇ ಒಂದೇ. ಗಾತ್ರದಿಂದ ಗುಣಿಸಿ ಕೂಡಿಸುವ ಸೂತ್ರ ಇಲ್ಲಿ ಸುಳ್ಳಾಗುವುದೂ ಇಲ್ಲ, ನಿಜವಾಗುವುದೂ ಇಲ್ಲ. ಎಣಿಕೆಯ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ, ಅಷ್ಟೆ.

ಕೊನೆಗೆ ಒತ್ತಡ ಎರಡೂ ಕಡೆ ಸಮ ಎಂಬ ಮಾತನ್ನು ಇಲ್ಲಿಯವರೆಗೆ ಪ್ರಶ್ನಿಸದೆ ಬಿಟ್ಟಿದ್ದೇವೆ. ಜೋಡಿಸಿದ ಎರಡು ಸಮ ಬುರುಡೆಗಳಲ್ಲಿ 300 ಕೆಲ್ವಿನ್‌ನಲ್ಲಿ 1 ಬಾರ್ ಅನಿಲವಿದ್ದು, ಒಂದನ್ನು 400 ಕೆಲ್ವಿನ್‌ಗೆ ಕಾಯಿಸಿ ಇನ್ನೊಂದನ್ನು ಹಾಗೇ ಇಟ್ಟರೆ ಒತ್ತಡ ಎರಡರಲ್ಲೂ 1.14 ಬಾರ್ ಆಗುತ್ತದೆ. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕ ಇದು: ಎಣಿಕೆ ಉಳಿಯುತ್ತದೆ, ಒತ್ತಡ ಸಮನಾಗುತ್ತದೆ, ಉಷ್ಣಾಂಶ ಮಾತ್ರ ಬೇರೆ ಬೇರೆ. ಆದರೆ ಒತ್ತಡ ಸಮನಾಗುವುದು ಅನಿಲ ಕೊಳವೆಯಲ್ಲಿ ಒಂದು ಪ್ರವಾಹವಾಗಿ ಹರಿಯಬಲ್ಲಾಗ. ದಾರಿ ಸಣ್ಣ ರಂಧ್ರಗಳದಾದರೆ ಅಣುಗಳು ಒಂದೊಂದಾಗಿ, ತಮ್ಮ ತಮ್ಮ ವೇಗದಲ್ಲಿ ದಾಟುತ್ತವೆ. ಥಾಮಸ್ ಗ್ರಹಾಂ 1830ರ ದಶಕದಲ್ಲಿ ಅನಿಲಗಳ ವ್ಯಾಪನದ ನಿಯಮ ಕಂಡುಕೊಂಡದ್ದು ಇಂಥ ದಾರಿಗಳಲ್ಲಿ. ಮೆರುಗು ಹಚ್ಚದ ಮಣ್ಣಿನ ಕುಡಿಕೆಯೊಳಗೆ ಗಾಳಿ, ಸುತ್ತಲೂ ಹೈಡ್ರೊಜನ್, ಒತ್ತಡ ಎರಡೂ ಕಡೆ ಸಮ ಎಂದಿಟ್ಟುಕೊಳ್ಳಿ. ಗಾಳಿ ಹೊರಹೋಗುವುದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಗ ಹೈಡ್ರೊಜನ್ ಒಳನುಗ್ಗುವುದರಿಂದ ಕುಡಿಕೆಯೊಳಗಿನ ಒತ್ತಡ ಕೆಲಹೊತ್ತು ಏರುತ್ತದೆ. ಸಮವಿದ್ದದ್ದು ಬೆರೆಯುತ್ತ ಅಸಮವಾಗುತ್ತದೆ. ಆ ಏರಿಕೆ ತಾತ್ಕಾಲಿಕ. ಆಸ್ಬರ್ನ್ ರೆನಾಲ್ಡ್ಸ್ 1879ರಲ್ಲಿ ವಿವರಿಸಿದ ಇನ್ನೊಂದು ಅಸಮತೆ ತಾತ್ಕಾಲಿಕವಲ್ಲ. ಅಣುವೊಂದು ಇನ್ನೊಂದಕ್ಕೆ ಡಿಕ್ಕಿಯಾಗದೆ ಸಾಗುವ ಸರಾಸರಿ ದೂರ ಸಾಧಾರಣ ಗಾಳಿಯಲ್ಲಿ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅನಿಲ ತೀರಾ ವಿರಳವಾದಾಗ ಅದು ಕೊಳವೆಯ ಅಗಲವನ್ನೂ ಮೀರುತ್ತದೆ. ಆಗ ಬೇರೆ ಬೇರೆ ಉಷ್ಣಾಂಶದಲ್ಲಿಟ್ಟ ಪಾತ್ರೆಗಳಲ್ಲಿ ಒತ್ತಡಗಳು ಎಂದಿಗೂ ಸಮನಾಗುವುದಿಲ್ಲ; ಕೆಲ್ವಿನ್ ಉಷ್ಣಾಂಶದ ವರ್ಗಮೂಲಗಳ ಅನುಪಾತದಲ್ಲಿ ನಿಂತುಬಿಡುತ್ತವೆ. ದ್ರವ ಹೀಲಿಯಮ್ಮಿನಿಂದ 4.2 ಕೆಲ್ವಿನ್‌ಗೆ ತಣಿಸಿದ ಕೋಶದ ನಿರ್ವಾತವನ್ನು ಕೋಣೆಯ ಉಷ್ಣಾಂಶದಲ್ಲಿರುವ ಗೇಜಿನಿಂದ ಅಳೆದರೆ, ನಡುವಿನ ಕೊಳವೆ ಪೂರ್ತಿ ತೆರೆದಿದ್ದರೂ, ಎಷ್ಟು ಹೊತ್ತು ಕಾದರೂ, ಗೇಜು ತೋರಿಸುವುದು ಕೋಶದೊಳಗಿನ ಒತ್ತಡದ ಎಂಟೂವರೆ ಪಟ್ಟು.